ಒಂಟಿತನ, ಹೆಸರಿನ ಹಸಿವು, ಒಂದು ದೆವ್ವ: ಮುಂಬೈಯಲ್ಲಿ ಸಣ್ಣ ಬಜೆಟ್ಟಿನ ಹಾರರ್ ಸಿನಿಮಾ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಕನ್ನಡಿಗರಲ್ಲಿ ಸಿನಿಮಾ ಮಾಡಲು ಹೊರಟವರು ಫೋನಿನಲ್ಲಿ, ಪತ್ರದಲ್ಲಿ, ನಾಟಕ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇವೆ. ಚಿತ್ರದ ಬಗೆ ಒಂದೇ: ಒಂಟಿಯಾಗಿ ಬದುಕುತ್ತ, ಹೆಸರು ಮಾಡಬೇಕೆಂದು ಹಂಬಲಿಸುವ ಒಬ್ಬರ ಸುತ್ತ ಹೆಣೆದ, ಹಾಡು ಫೈಟು ಇಲ್ಲದ ಹಾರರ್. ಹೊಸಬರ ಪ್ರಶ್ನೆಗಳು ಮೊದಲು, ಶೂಟಿಂಗ್ ಮುಗಿಸಿದವರದು ಕೊನೆಗೆ.

## ಕಥೆ ಕೂಡಿಸುವಾಗ

ದೆವ್ವದ ಸಿನಿಮಾಕ್ಕೂ ಒಂಟಿತನಕ್ಕೂ ಏನ್ ಸಂಬಂಧ? ಜನ ಹೆದರಬೇಕಲ್ವಾ?

ಹೆದರುತ್ತಾರೆ, ಕಾರಣ ಬೇರೆ ಅಷ್ಟೆ. ಮಾಮೂಲಿ ದೆವ್ವದ ಚಿತ್ರದಲ್ಲಿ ‘ಯಾರೋ ನನ್ನನ್ನು ನೋಡುತ್ತಿದ್ದಾರೆ’ ಎಂಬಲ್ಲಿ ಭಯ ಶುರುವಾಗುತ್ತದೆ. ಇಲ್ಲಿ ಅದಕ್ಕೂ ಹಿಂದಿನ ಭಯವೊಂದಿದೆ: ‘ನನ್ನನ್ನು ಯಾರೂ ನೋಡುತ್ತಿಲ್ಲ.’ ಗದಗದಿಂದ ಬಂದ ಹುಡುಗಿ ಮೀರಾ ರೋಡಿನ ಒಂದು ಕೋಣೆಯಲ್ಲಿದ್ದಾಳೆ ಎಂದುಕೊಳ್ಳಿ. ಹಗಲು ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್, ರಾತ್ರಿ ಫೋನಿನಲ್ಲಿ ಲೈವ್. ನೋಡುವವರು ಮೂವರು. ಇಬ್ಬರು ಊರಿನ ಗೆಳತಿಯರು, ಅವರೂ ಬೇಸತ್ತು ಹೊರಟುಹೋಗುತ್ತಾರೆ. ಮೂರನೆಯವರು ಮಾತ್ರ ಹೋಗುವುದಿಲ್ಲ. ಅವಳಿಗೆ ಖುಷಿಯಾಗುತ್ತದೆ, ಪ್ರೇಕ್ಷಕರಿಗೆ ಎದೆ ಢವಗುಟ್ಟುತ್ತದೆ. ಇಡೀ ಚಿತ್ರ ಓಡುವುದು ಈ ಅಂತರದ ಮೇಲೆ. ದೆವ್ವವನ್ನು ಅವಳು ಓಡಿಸಲು ನೋಡಿದ ಕ್ಷಣ ಅದು ಮಾಮೂಲಿ ಕಥೆಯಾಗುತ್ತದೆ. ಹೋಗಬೇಡ ಎಂದು ಅವಳೇ ಬೇಡುವಷ್ಟು ದೂರ ಕರೆದೊಯ್ಯಿರಿ.

ಮುಂಬೈಯಂಥ ಗಿಜಿಗುಡೋ ಊರಲ್ಲಿ ಒಂಟಿತನ ತೋರಿಸೋದು ಹೇಗೆ? ಖಾಲಿ ಬಂಗಲೆ ಬೇಕಾಗತ್ತಾ?

ಬಂಗಲೆ ಹುಡುಕಲು ಹೋಗಬೇಡಿ. ಈ ಊರಿನ ಒಂಟಿತನಕ್ಕೆ ತೆಳು ಗೋಡೆ ಬೇಕು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು, ಯಾವ ಧಾರಾವಾಹಿ ಮುಗಿಯಿತು ಎಂಬುದು ನಾಯಕಿಗೆ ಗೊತ್ತು. ಆ ಮನೆಯವರಿಗೆ ಇವಳ ಹೆಸರು ಗೊತ್ತಿಲ್ಲ. ಇದನ್ನು ಸಂಭಾಷಣೆಯಲ್ಲಿ ಹೇಳಿಸದೆ ವಸ್ತುವಿನಲ್ಲಿ ತೋರಿಸಿ. ಇಲ್ಲಿನ ಕಟ್ಟಡಗಳಲ್ಲಿ ಹಾಲಿನವನಿಗೆಂದು ಬಾಗಿಲ ಹಿಡಿಕೆಗೆ ಬಟ್ಟೆಚೀಲ ನೇತುಹಾಕುತ್ತಾರಲ್ಲ, ಅದೇ ಸಾಕು. ಬೆಳಿಗ್ಗೆ ಏಳಕ್ಕೆ ಸಾಲಿನ ಚೀಲಗಳೆಲ್ಲ ಖಾಲಿ, ಇವಳ ಚೀಲದಲ್ಲಿ ನಿನ್ನೆಯ ಪ್ಯಾಕೆಟ್ ಉಬ್ಬಿಕೊಂಡಿದೆ, ಅದರ ಮೇಲೆ ಇಂದಿನದು. ಜನ ಓಡಾಡುತ್ತಾರೆ, ಒಬ್ಬ ಹುಡುಗ ಮೂಗು ಮುಚ್ಚಿಕೊಳ್ಳುತ್ತಾನೆ, ಯಾರೂ ಬೆಲ್ ಒತ್ತುವುದಿಲ್ಲ. ಒಂದು ಶಾಟ್, ಹದಿನೈದು ಸೆಕೆಂಡ್.

ಹೆಸರಿನ ಹುಚ್ಚು ಅಂದ್ರೆ ನಾಯಕಿ ಕೆಟ್ಟವಳಾಗಿ ಕಾಣಲ್ವಾ?

ಅವಳಿಗೆ ನಿಜವಾದ ಕಸುಬು ಕೊಟ್ಟರೆ ಕಾಣುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಅವಳು ಒಂದು ಆಡಿಷನ್ನನ್ನು ಚೆನ್ನಾಗಿಯೇ ಮಾಡಲಿ, ಎದುರಿನವರು ಫೋನ್ ನೋಡುತ್ತ ‘ಥ್ಯಾಂಕ್ಯೂ, ನೆಕ್ಸ್ಟ್’ ಎನ್ನಲಿ. ಆಮೇಲೆ ಅವಳು ಏನು ಮಾಡಿದರೂ ಪ್ರೇಕ್ಷಕರು ಅರ್ಧ ದಾರಿ ಜೊತೆಗಿರುತ್ತಾರೆ.

ಇನ್ನೊಂದು: ಪ್ರತಿ ಮೆಟ್ಟಿಲಿಗೂ ಬೆಲೆ ಇರಬೇಕು. ನೋಡುವವರು ಹೆಚ್ಚಿದಂತೆ ಏನಾದರೂ ಕಳೆಯುತ್ತಿರಲಿ. ಮೊದಲು ಚಿಕ್ಕದು, ತಲೆಗೆ ಹಚ್ಚುವ ಎಣ್ಣೆಯ ವಾಸನೆ ತಿಳಿಯದಂತಾಗುವುದು. ಆಮೇಲೆ ಒಂದು ನೆನಪು. ಆಮೇಲೆ ಅವ್ವನ ಫೋನ್ ಬಂದಾಗ ಧ್ವನಿ ಗುರುತು ಸಿಗದಿರುವುದು. ನಾಲ್ಕು ಮೆಟ್ಟಿಲು ಸಾಕು. ಮೊದಲ ಬೆಲೆ 25ನೇ ನಿಮಿಷದೊಳಗೆ ಕಾಣಿಸದಿದ್ದರೆ ಪ್ರೇಕ್ಷಕರು ಬೇರೆ ಸಿನಿಮಾ ನೋಡುತ್ತಿದ್ದೇವೆ ಎಂದುಕೊಳ್ಳುತ್ತಾರೆ.

ಎಷ್ಟು ಪುಟ ಬರೆದ್ರೆ ಫೀಚರ್ ಆಗತ್ತೆ?

75ರಿಂದ 85. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಮಾತಿನ ದೃಶ್ಯಕ್ಕೆ ಸರಿ. ‘ಅವಳು ಕೋಣೆಯೆಲ್ಲ ಹುಡುಕುತ್ತಾಳೆ’ ಎಂಬ ಒಂದೇ ಸಾಲು ತೆರೆಯ ಮೇಲೆ ಮೂರು ನಿಮಿಷ ತಿನ್ನಬಹುದು. ಸ್ಟಾಪ್‌ವಾಚ್ ಹಿಡಿದು, ಮೌನಗಳನ್ನೂ ಬಿಡದೆ, ಒಮ್ಮೆ ಗಟ್ಟಿಯಾಗಿ ಓದಿ.

ಕಥೆ ಯಾರಿಗಾದರೂ ಹೇಳಿದ್ರೆ ಕದ್ದುಬಿಡ್ತಾರೆ ಅಂತ ಭಯ.

ಕಾನೂನು ಬರೀ ಐಡಿಯಾವನ್ನು ಕಾಯುವುದಿಲ್ಲ, ಬರೆದದ್ದನ್ನು ಕಾಯುತ್ತದೆ. ಆದ್ದರಿಂದ ಪೂರ್ತಿ ಬರೆಯಿರಿ. ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಆನ್‌ಲೈನಿನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು. ಅದು ಯಾವ ದಿನ ನಿಮ್ಮ ಕೈಯಲ್ಲಿ ಏನಿತ್ತು ಎಂಬುದಕ್ಕೆ ಪುರಾವೆ. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿಯಾಗಿ ನೋಂದಾಯಿಸಲು ಶುಲ್ಕ 500 ರೂಪಾಯಿ. ಯಾರಿಗೆ ಕಥೆ ಹೇಳಿದಿರೋ ಅವರಿಗೆ ಅದೇ ಸಂಜೆ ‘ಇವತ್ತು ಕಥೆ ಕೇಳಿದ್ದಕ್ಕೆ ಧನ್ಯವಾದ’ ಎಂದು ಒಂದು ಇಮೇಲ್ ಹಾಕಿಡಿ.

ನಿಜವಾಗಿ ಸತ್ತ ನಟಿಯೊಬ್ಬರ ಕಥೆ ತಗೊಂಡ್ರೆ ಪ್ರಚಾರ ಸಿಗತ್ತಲ್ಲ?

ಸಿಗುತ್ತದೆ, ನೋಟಿಸ್ ಕೂಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಕುಟುಂಬದವರ ಮನಸ್ಸಿಗೆ ನೋವಾಗುವಂತೆ ಸತ್ತವರ ಹೆಸರು ಕೆಡಿಸುವುದೂ ಮಾನನಷ್ಟವಾಗಬಹುದು. ಕಾನೂನು ಪಕ್ಕಕ್ಕಿಟ್ಟರೂ, ಒಬ್ಬರ ಸಾವನ್ನು ಪೋಸ್ಟರ್ ಮಾಡಿಕೊಳ್ಳುವ ಚಿತ್ರ ತಾನು ಬೈಯುವ ಹಸಿವನ್ನೇ ಉಣ್ಣುತ್ತಿರುತ್ತದೆ. ಕಥೆಯಲ್ಲಿ ಆತ್ಮಹತ್ಯೆ ಬಂದರೆ ವಿಧಾನ ತೋರಿಸಬೇಡಿ. ಬಾಗಿಲು ಮುಚ್ಚಿದ ಮೇಲಿನ ಸದ್ದಿಲ್ಲದ ಪ್ಯಾಸೇಜು ಸಾಕು. ಕೊನೆಯಲ್ಲಿ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ.

## ಜಾಗ, ಜನ, ಅನುಮತಿ

ಬಾಡಿಗೆ ಮನೇಲಿ ಶೂಟಿಂಗ್ ಮಾಡ್ಲಿಕ್ಕೆ ಸೊಸೈಟಿಯವ್ರು ಬಿಡ್ತಾರಾ ಮಾರಾಯ್ರೆ?

ಬರೆದು ಕೇಳಿದರೆ ಬಿಡುವವರಿದ್ದಾರೆ, ಬಾಯಲ್ಲಿ ಕೇಳಿದರೆ ಎರಡನೇ ದಿನ ತಗಾದೆ ಬರುತ್ತದೆ. ಎರಡು ಪತ್ರ ಬೇಕು: ಮನೆಯ ಮಾಲೀಕರದ್ದು, ಸೊಸೈಟಿ ಸೆಕ್ರೆಟರಿ ಸಹಿ ಹಾಕಿದ ಎನ್‌ಒಸಿ (ನಮ್ಮ ಆಕ್ಷೇಪವಿಲ್ಲ ಎಂಬ ಪತ್ರ). ಅದರಲ್ಲಿ ತಾರೀಖು, ಹೊತ್ತು, ಎಷ್ಟು ಜನ (ಹನ್ನೆರಡರ ಒಳಗಿರಲಿ), ಲಿಫ್ಟಿನಲ್ಲಿ ಸಾಮಾನು ಯಾವಾಗ ಏರುತ್ತದೆ, ಕರೆಂಟಿನ ಬಿಲ್ ಯಾರದು, ಡಿಪಾಸಿಟ್ ಎಷ್ಟು, ಗೋಡೆಗೆ ಕಲೆಯಾದರೆ ಬಣ್ಣ ಹೊಡೆಸುವವರು ಯಾರು ಎಂದು ಬಿಡಿಸಿ ಬರೆಯಿರಿ. ಸೆಕ್ರೆಟರಿ ಬದಲಾದರೂ ಕಾಗದ ಮಾತಾಡುತ್ತದೆ.

ಹಾರರ್‌ಗೆ ಮಾತ್ರ ಇರುವ ತೊಡಕು ಚೀರಾಟ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದ ನಿಯಮ ಇದ್ದೇ ಇದೆ. ಅದಕ್ಕಿಂತ ಮೊದಲು ಮೂರನೇ ಮಹಡಿಯವರು 112ಕ್ಕೆ ಫೋನ್ ಮಾಡಿರುತ್ತಾರೆ. ಶೂಟಿಂಗಿನಲ್ಲಿ ನಟಿ ಬಾಯಿ ತೆರೆದು, ಕುತ್ತಿಗೆಯ ನರ ಬಿಗಿದು, ಉಸಿರಿನಲ್ಲಷ್ಟೇ ಚೀರಲಿ. ಧ್ವನಿಯನ್ನು ಸ್ಟುಡಿಯೋದಲ್ಲಿ ತೆಗೆದುಕೊಳ್ಳಿ. ಹತ್ತಿರದ ಠಾಣೆಗೂ ಅಕ್ಕಪಕ್ಕದ ಮಹಡಿಗಳಿಗೂ ಮೊದಲೇ ಒಂದು ಚೀಟಿ ಕೊಟ್ಟಿರಿ.

ಕೋಣೆ ನೋಡುವಾಗ ಅಳತೆಪಟ್ಟಿ ಒಯ್ಯಿರಿ. 10 ಅಡಿಗೆ 12 ಅಡಿ ಕೋಣೆಯಲ್ಲಿ ಕ್ಯಾಮೆರಾ, ಸೌಂಡಿನವರು, ಲೈಟು ಸೇರಿದರೆ ನಟಿಗೆ ಉಳಿಯುವುದು ಅರ್ಧ. ಬಾಗಿಲನ್ನು ಕೀಲಿನಿಂದ ಬಿಚ್ಚಿದರೆ ಪ್ಯಾಸೇಜಿನಿಂದ ಶಾಟ್ ಇಡಬಹುದು. ಮೂಲೆಯ ಮನೆ, ಮೇಲಿನ ಮಹಡಿ ಸಿಕ್ಕರೆ ಬಿಡಬೇಡಿ.

ರಸ್ತೆಯಾಗ, ಲೋಕಲ್ ಟ್ರೇನಿನಾಗ ತೆಗದ್ರ ಪೊಲೀಸ್ರು ಹಿಡೀತಾರೇನ್ರಿ?

ಸಾರ್ವಜನಿಕ ಜಾಗಕ್ಕೆ ಮಹಾರಾಷ್ಟ್ರದ ಚಿತ್ರ, ರಂಗಭೂಮಿ ಮತ್ತು ಸಾಂಸ್ಕೃತಿಕ ಅಭಿವೃದ್ಧಿ ನಿಗಮದ ಏಕಗವಾಕ್ಷಿ ಮೂಲಕ ಅರ್ಜಿ ಹಾಕಬೇಕು. ಗೋರೆಗಾಂವ್ ಚಿತ್ರನಗರಿ ನಡೆಸುವವರೂ ಅವರೇ. ರೈಲು, ನಿಲ್ದಾಣ ಆ ಲೆಕ್ಕಕ್ಕೆ ಬರುವುದಿಲ್ಲ. ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಬೇರೆ ಬೇರೆಯಾಗಿ ಅನುಮತಿ ಕೊಡುತ್ತವೆ, ಶುಲ್ಕ ಸಣ್ಣ ಬಜೆಟ್ಟಿಗೆ ಭಾರ. ಟ್ರೈಪಾಡ್ ಇಟ್ಟ ಕೂಡಲೇ ರೈಲ್ವೆ ಪೊಲೀಸರು ಬರುತ್ತಾರೆ. ಟ್ರೇನ್ ಬೇಕೇಬೇಕಾದರೆ ಸದ್ದಿನಲ್ಲಿ ತನ್ನಿ: ನಾಯಕಿಯ ಮುಖದ ಮೇಲೆ ಹಾದುಹೋಗುವ ಬೆಳಕಿನ ಪಟ್ಟಿ, ಜೊತೆಗೆ ಪ್ಲಾಟ್‌ಫಾರ್ಮಿನ ಘೋಷಣೆ. ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಲೈಟಿನ ಮುಂದೆ ಎಳೆದರೆ ಬೋಗಿ ತಯಾರು.

ಗೋವಾದಲ್ಲಿ ತೆಗೆಯುವುದಿದ್ದರೆ ಅನುಮತಿಗೆ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾದ ಬಳಿ ಹೋಗಬೇಕು.

ಕನ್ನಡ ಮಾತಾಡೋ ನಟರು ಮುಂಬೈಯಲ್ಲಿ ಎಲ್ಲಿ ಸಿಗ್ತಾರೆ?

ಆಡಿಷನ್ ಗ್ರೂಪುಗಳಿಗಿಂತ ಮೊದಲು ನಾಟಕ ನೋಡಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಡೊಂಬಿವಲಿ ಮತ್ತು ನವಿ ಮುಂಬೈಯ ಕನ್ನಡ ಸಂಘಗಳು. ಹಗಲು ಬ್ಯಾಂಕು, ಹೋಟೆಲು, ಸಂಜೆ ರಂಗತಾಲೀಮು ಎನ್ನುವ ಗಟ್ಟಿ ಕಲಾವಿದರು ಇಲ್ಲಿದ್ದಾರೆ. ರಂಗದವರಿಗೆ ಕೊನೆಯ ಸಾಲಿಗೆ ಕೇಳಿಸಿ ಅಭ್ಯಾಸ, ಆದ್ದರಿಂದ ಫೋನಿನಲ್ಲಿ ಕ್ಲೋಸಪ್ ಇಟ್ಟು ‘ಪಕ್ಕದಲ್ಲಿ ಮಗು ಮಲಗಿದೆ’ ಎಂದು ಹೇಳಿ ಅದೇ ಸಾಲು ಆಡಿಸಿ ನೋಡಿ.

ಭಾಷೆಯನ್ನು ಬೆಂಗಳೂರಿನ ಇಸ್ತ್ರಿಗೆ ಕೊಡಬೇಡಿ. ಗದಗದ ಹುಡುಗಿ ಅವ್ವನ ಜೊತೆ ಉತ್ತರ ಕರ್ನಾಟಕದ ಕನ್ನಡ, ಆಡಿಷನ್ನಿನಲ್ಲಿ ಹಿಂದಿ, ಲೈವ್‌ನಲ್ಲಿ ಅರ್ಧಂಬರ್ಧ ಇಂಗ್ಲಿಷ್ ಆಡಲಿ. ಕಥೆ ಬೆಳೆದಂತೆ ಫೋನಿನಲ್ಲೂ ಅವಳ ಕನ್ನಡ ಬದಲಾದರೆ ಅವ್ವ ‘ಯಾರವಾ ನೀ?’ ಎನ್ನುವ ಸಾಲು ತಾನಾಗಿಯೇ ಹೆದರಿಸುತ್ತದೆ.

ಎಷ್ಟು ದಿನ, ಎಷ್ಟು ಜನ, ದುಡ್ಡು ಹೇಗೆ ಹಂಚೋದು?

ದಿನಕ್ಕೆ ನಾಲ್ಕೈದು ಪುಟ, ಹೆದರಿಸುವ ದೃಶ್ಯವಾದರೆ ಎರಡೇ. 80 ಪುಟಕ್ಕೆ 20 ದಿನ ಇಟ್ಟುಕೊಳ್ಳಿ. ನಿರ್ದೇಶಕ, ಸಹಾಯಕ, ಕ್ಯಾಮೆರಾದವರು ಇಬ್ಬರು, ಲೈಟ್‌ಮನ್, ಸೌಂಡಿನವರು ಇಬ್ಬರು, ಕಲೆ ಮತ್ತು ಬಟ್ಟೆಗೆ ಒಬ್ಬರು, ಮೇಕಪ್, ಸ್ಪಾಟ್ ಬಾಯ್. ಇದಕ್ಕಿಂತ ಕಡಿಮೆಯಾದರೆ ನಿರ್ದೇಶಕರೇ ಚಹಾ ತರುತ್ತಾರೆ. ದುಡ್ಡಿನಲ್ಲಿ ಕಾಲು ಭಾಗ ಸೌಂಡ್ ಮತ್ತು ಎಡಿಟಿಂಗ್ ನಂತರದ ಕೆಲಸಕ್ಕೆ, ಶೇ. 10ರಿಂದ 15 ಆಪತ್ತಿಗೆ ಎಂದು ಮೊದಲೇ ತೆಗೆದಿಟ್ಟು ಆ ಖಾತೆ ಮುಟ್ಟಬೇಡಿ. ಸಿನಿಮಾಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಶೂಟಿಂಗ್ ಮುಗಿದ ಮೇಲೆ.

ಬಾಲ ದೆವ್ವ, ಕರಿ ಬೆಕ್ಕು ಇಟ್ಕೋಬಹುದಾ?

ಇಟ್ಟುಕೊಂಡರೆ ಕಾಗದ ಹೆಚ್ಚುತ್ತದೆ. ಬಾಲನಟರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20 ಮಗುವಿನ ಹೆಸರಿನ ಖಾತೆಗೆ ಹೋಗಬೇಕು. ಬೆಕ್ಕು ನಿಮ್ಮ ಮನೆಯದೇ ಆದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗಿಗೆ ಮೊದಲೇ ಪಡೆಯಬೇಕು, ಇಲ್ಲದಿದ್ದರೆ ಸೆನ್ಸಾರಿನಲ್ಲಿ ಸಿಕ್ಕಿಬೀಳುತ್ತೀರಿ. ನಮ್ಮ ಸಲಹೆ: ಎರಡನ್ನೂ ಬಿಡಿ, ಈ ಕಥೆಗೆ ಬೇಕಿಲ್ಲ.

## ಕ್ಯಾಮೆರಾ, ಬೆಳಕು, ಫೋನಿನ ಪರದೆ

ಎಲ್ಲಾ ಫೋನಲ್ಲೇ ತೆಗೆದ್ರೆ ಆಗಲ್ವಾ?

ಆಗುತ್ತದೆ. ಆದರೆ ಒಂದು ನಿಯಮ ಮಾಡಿಕೊಳ್ಳಿ: ಲೈವ್ ನೋಡುವವರ ಕಣ್ಣಿಗೆ ಕಾಣುವುದೆಲ್ಲ ಫೋನಿನಲ್ಲಿ, ಉದ್ದುದ್ದ 9:16ರಲ್ಲಿ; ಯಾರೂ ನೋಡದಿರುವಾಗಿನ ಅವಳ ಬದುಕು ಕ್ಯಾಮೆರಾದಲ್ಲಿ, ಅಡ್ಡಲಾಗಿ. ಚಿತ್ರದ ಮುಕ್ಕಾಲು ಭಾಗ ಮುಗಿದ ಮೇಲೆ ಅವಳು ಫೋನ್ ಆಫ್ ಮಾಡಿ ಮಲಗಿರುವಾಗಲೂ ಚೌಕಟ್ಟು ಉದ್ದುದ್ದವೇ ಉಳಿದರೆ, ಮೂರನೆಯವರು ಕೋಣೆಯೊಳಗಿದ್ದಾರೆ ಎಂದು ಯಾರೂ ಹೇಳಬೇಕಿಲ್ಲ. ಒಮ್ಮೆಯೂ ನಿಯಮ ತಪ್ಪಿರದಿದ್ದರೆ ಮಾತ್ರ ಇದು ಫಲಿಸುತ್ತದೆ.

ಫೋನಿನಲ್ಲಿ ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡುವ ಆ್ಯಪ್ ಬಳಸಿ. ಸೆಕೆಂಡಿಗೆ 24 ಫ್ರೇಮಿಗೆ ಇಡಿ, 30ಕ್ಕೆ ಬಿಡಬೇಡಿ. ಆಮೇಲೆ 24ಕ್ಕೆ ಇಳಿಸಿದರೆ ಚಲನೆ ಎಡವುತ್ತದೆ.

ಟ್ಯೂಬ್‌ಲೈಟಲ್ಲಿ ತೆಗೆದ್ರೆ ಪಟ್ಟೆ ಪಟ್ಟೆ ಓಡ್ತದೆ, ಕ್ಯಾಮೆರಾ ಹಾಳಾ?

ಕ್ಯಾಮೆರಾ ಸರಿ ಇದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/60ಕ್ಕೋ 1/48ಕ್ಕೋ ಇದ್ದರೆ ಆ ಮಿನುಗು ಪಟ್ಟೆಯಾಗಿ ಹರಿಯುತ್ತದೆ. 24 ಫ್ರೇಮಿನಲ್ಲಿ ಶಟರನ್ನು 1/50ಕ್ಕೆ, ಕೋನದ ಲೆಕ್ಕದಲ್ಲಿ 172.8 ಡಿಗ್ರಿಗೆ ಇಡಿ. ಅಗ್ಗದ ಎಲ್‌ಇಡಿ ಬಲ್ಬಿಗೆ ಡಿಮ್ಮರ್ ಹಾಕಿದ್ದರೆ ಇದಕ್ಕೂ ಬಗ್ಗುವುದಿಲ್ಲ, ಬಲ್ಬನ್ನೇ ಬದಲಿಸಬೇಕು. ಕ್ರಾಫರ್ಡ್ ಮಾರ್ಕೆಟ್ ಬಳಿಯ ಲೋಹಾರ್ ಚಾಳಿನಲ್ಲಿ ಬಲ್ಬು ಕೊಳ್ಳುವಾಗ ಅಂಗಡಿಯಲ್ಲೇ ಉರಿಸಿ, ಫೋನ್ ಕ್ಯಾಮೆರಾದ ಶಟರ್ ವೇಗ ಹೆಚ್ಚಿಸಿ ನೋಡಿ. ಮಿನುಗುವುದು ಅಲ್ಲೇ ಕಾಣುತ್ತದೆ.

ಲ್ಯಾಪ್‌ಟಾಪಲ್ಲಿ ಚೆನ್ನಾಗಿತ್ತು, ಥೇಟರಲ್ಲಿ ಬರೀ ಕತ್ತಲೆ. ಯಾಕೆ?

ಕತ್ತಲೆಯ ದೃಶ್ಯಕ್ಕೂ ಬೆಳಕು ಬೇಕು. ಮುಖವನ್ನು ಬಿಟ್ಟುಬಿಡಿ, ಹಿಂದಿನ ಗೋಡೆಗೆ ಸ್ವಲ್ಪ ಬೆಳಕು ಕೊಡಿ. ಆಕೃತಿ ಕಪ್ಪಾಗಿ ಎದ್ದು ನಿಲ್ಲುತ್ತದೆ. ಶೂಟಿಂಗಿನಲ್ಲಿ ಬೇಕಾದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ದುಪ್ಪಟ್ಟು ಬೆಳಕಿನಲ್ಲಿ ತೆಗೆದು, ಗ್ರೇಡಿಂಗಿನಲ್ಲಿ (ಎಡಿಟ್ ಆದ ಮೇಲೆ ಬಣ್ಣ, ಬೆಳಕು ತಿದ್ದುವಾಗ) ಇಳಿಸಿ. ಕಡಿಮೆ ಬೆಳಕಿನಲ್ಲಿ ತೆಗೆದು ಏರಿಸಲು ಹೋದರೆ ಕಪ್ಪಿನೊಳಗೆಲ್ಲ ಕಾಳು ಕುಣಿಯುತ್ತವೆ. ಗ್ರೇಡ್ ಮಾಡುವ ಕೋಣೆಗೆ ಕಪ್ಪು ಬಟ್ಟೆ ಕಟ್ಟಿ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಥಾನುಗಟ್ಟಲೆ ಸಿಗುತ್ತದೆ.

ಫೋನಿನ ಪರದೆ, ಕಾಮೆಂಟು, ವ್ಯೂವರ್ ಸಂಖ್ಯೆ ತೋರಿಸೋದು ಹೇಗೆ? ಗ್ರೀನ್ ಸ್ಕ್ರೀನಾ?

ಕತ್ತಲ ಕೋಣೆಯಲ್ಲಿ ಹಸಿರು ಪರದೆ ಹಿಡಿದರೆ ಮುಖವೂ ಹಸಿರು, ಕನ್ನಡಕವೂ ಹಸಿರು. ಮೊದಲೇ ತಯಾರಿಸಿದ ವಿಡಿಯೋವನ್ನು ಫೋನಿನಲ್ಲಿ ಓಡಿಸಿ, ನೇರವಾಗಿ ಶೂಟ್ ಮಾಡುವುದೇ ಅಗ್ಗ. ಅದನ್ನು ಹೀಗೆ ಸಿದ್ಧ ಮಾಡಿ:

ನಿಮ್ಮದೇ ಆ್ಯಪ್ ವಿನ್ಯಾಸ ಬರೆಯಿರಿ. ನಿಜವಾದ ಕಂಪನಿಯ ಲೋಗೋ, ನಿಜವಾದ ಬಳಕೆದಾರರ ಹೆಸರು, ನಿಜವಾದ ಫೋನ್ ನಂಬರ್ ಬೇಡ. ಕಾಮೆಂಟ್ ಮಾಡುವವರ ಚಿತ್ರಕ್ಕೆ ತಂಡದವರ ಫೋಟೋ ಹಾಕಿ, ಅವರಿಂದ ಒಪ್ಪಿಗೆ ಬರೆಸಿಕೊಳ್ಳಿ. ವಿಡಿಯೋವನ್ನು ಆ ಫೋನಿನ ಪರದೆಯ ಅಳತೆಗೇ ರಫ್ತು ಮಾಡಿ. ಮೊದಲ ಐದು ಸೆಕೆಂಡ್ ಏನೂ ಬದಲಾಗದಂತೆ ಬಿಡಿ, ನಟಿ ಕೈಗೆತ್ತಿಕೊಂಡು ಸಿದ್ಧವಾಗಲು. ಸಂಖ್ಯೆ 3ರಿಂದ 1ಕ್ಕೆ ಇಳಿದದ್ದು ಪ್ರೇಕ್ಷಕರಿಗೆ ತಿಳಿಯಲು ಕನಿಷ್ಠ ಎರಡು ಸೆಕೆಂಡ್ ಬೇಕು. ನಿಜವಾದ ಆ್ಯಪಿನಂತೆ ಮೂಲೆಯಲ್ಲಿ ಸಣ್ಣಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ, ದುಪ್ಪಟ್ಟು ದೊಡ್ಡದು ಮಾಡಿ.

ಶೂಟಿಂಗಿನಲ್ಲಿ ಏರೋಪ್ಲೇನ್ ಮೋಡ್, ತಾನಾಗಿ ಬೆಳಕು ಬದಲಾಗುವುದು ಬಂದ್, ತಾನಾಗಿ ಲಾಕ್ ಆಗುವುದು ಬಂದ್, ಹೊಳಪು ಅರ್ಧಕ್ಕೆ. ಪರದೆಯೊಂದರಿಂದಲೇ ಮುಖಕ್ಕೆ ಸಾಕಷ್ಟು ಬೆಳಕು ಬರುವುದಿಲ್ಲ, ಆದ್ದರಿಂದ ಫೋನಿನ ಹಿಂದೆ ಅಂಗೈಯಗಲದ ಎಲ್‌ಇಡಿ ಇಟ್ಟು, 6500 ಕೆಲ್ವಿನ್‌ಗೆ (ನೀಲಿ ಛಾಯೆಯ ಬಿಳಿಗೆ) ತಿರುಗಿಸಿ, ಬಿಳಿ ಟಿಶ್ಯೂ ಸುತ್ತಿ, ಅತಿ ಕಡಿಮೆಗೆ ಇಳಿಸಿ.

ಎಲ್ಲರೂ ಎಡವುವುದು ಬ್ಯಾಟರಿಯಲ್ಲಿ. ಒಂದು ದೃಶ್ಯದಲ್ಲಿ ಶೇ. 64, ಅದೇ ರಾತ್ರಿಯ ಮುಂದಿನ ದೃಶ್ಯದಲ್ಲಿ ಶೇ. 81. ದೃಶ್ಯ ಸಂಖ್ಯೆ, ಪರದೆಯ ಗಡಿಯಾರ, ಬ್ಯಾಟರಿ, ನೋಡುವವರ ಸಂಖ್ಯೆ ಎಂದು ನಾಲ್ಕು ಕಾಲಮಿನ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಹಾರರ್ ನೋಡುವವರು ಪರದೆಯ ಮೂಲೆ ಮೂಲೆ ಹುಡುಕುತ್ತಿರುತ್ತಾರೆ, ಇಂಥ ತಪ್ಪು ಅವರಿಗೆ ಸುಳಿವಿನಂತೆ ಕಾಣುತ್ತದೆ.

ದೆವ್ವ ತೋರಿಸ್ಬೇಕಾ ಬೇಡ್ವಾ? ನಿರ್ಮಾಪಕರು ತೋರಿಸ್ಲೇಬೇಕು ಅಂತಾರೆ.

ಒಮ್ಮೆ ತೋರಿಸಿ. ಪೂರ್ತಿ ಮುಚ್ಚಿಟ್ಟರೆ ಕೈಲಾಗಲಿಲ್ಲ ಎಂದುಕೊಳ್ಳುತ್ತಾರೆ. ಈ ಕಥೆಯ ದೆವ್ವಕ್ಕೆ ಉಗುರು, ಕೆದರಿದ ಕೂದಲು ಬೇಡ, ಅದು ಅಭಿಮಾನಿ. ಗಮನವಿಟ್ಟು ಕೂತಿರುತ್ತದೆ. ಹಾಸಿಗೆಯ ತುದಿಯಲ್ಲಿ, ಕೈ ಮಡಿಲಲ್ಲಿಟ್ಟು, ಕಣ್ಣು ಮಿಟುಕಿಸದೆ, ಅವಳು ಜೋಕು ಹೇಳಿದಾಗ ಅರ್ಧ ಸೆಕೆಂಡ್ ತಡವಾಗಿ ನಗುತ್ತದೆ. ಆ ಅರ್ಧ ಸೆಕೆಂಡಿಗಾಗಿ ಹತ್ತು ಟೇಕ್ ತೆಗೆದರೂ ತಪ್ಪಿಲ್ಲ.

## ರಕ್ತ, ಮೇಕಪ್, ಅಪಾಯ

ಮನೇಲೇ ರಕ್ತ ಮಾಡೋದು ಹೇಗೆ? ಕುಂಕುಮ ಕಲಸಿದ್ರೆ ಗುಲಾಬಿ ಬಣ್ಣ ಬಂತು.

ಕುಂಕುಮ, ಬೀಟ್‌ರೂಟ್ ಎರಡೂ ಕ್ಯಾಮೆರಾಕ್ಕೆ ಆಗುವುದಿಲ್ಲ. ಬೇಕರಿ ಸಾಮಾನಿನ ಅಂಗಡಿಯಿಂದ ಲಿಕ್ವಿಡ್ ಗ್ಲುಕೋಸ್ ಒಂದು ಕೆಜಿ ತನ್ನಿ, ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಕೋಕೋ ಪುಡಿ ಒಂದು ದೊಡ್ಡ ಚಮಚವನ್ನು ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಇನ್ನೂರು ಮಿಲಿ ಬೆಚ್ಚಗಿನ ನೀರಿಗೆ ಕೆಂಪು ಜೆಲ್ ಫುಡ್ ಕಲರ್ ಎರಡು ಟೀ ಚಮಚ, ನೀಲಿ ಒಂದೇ ಹನಿ. ಮೂರನ್ನೂ ಗ್ಲುಕೋಸಿಗೆ ಬೆರೆಸಿ. ಕೋಕೋ ಇಲ್ಲದಿದ್ದರೆ ಎಲ್‌ಇಡಿ ಬೆಳಕಿಗೆ ಶರಬತ್ತಿನಂತೆ ಪಾರದರ್ಶಕವಾಗಿ ಕಾಣುತ್ತದೆ. ನೀಲಿ ಹೆಚ್ಚಾದರೆ ನೇರಳೆ. ನೀರು ಹೆಚ್ಚಿಸಿದಷ್ಟೂ ಓಡುತ್ತದೆ, ಕಮ್ಮಿಯಾದಷ್ಟೂ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಬಟ್ಟೆಗೆ ಹಾಕುವುದಕ್ಕೆ ನಾಲ್ಕು ಹನಿ ಪಾತ್ರೆ ಸೋಪು ಸೇರಿಸಿದರೆ ಒಗೆದಾಗ ಬಿಡುತ್ತದೆ. ಬಾಯಿಗೆ ಹಾಕುವುದನ್ನು ಸೋಪಿಲ್ಲದೆ ಬೇರೆ ಬಾಟಲಿಯಲ್ಲಿಟ್ಟು ಹೆಸರು ಬರೆಯಿರಿ.

ಒಂದೇ ಬಗೆಯ ಬಟ್ಟೆ ಮೂರು ಜೊತೆ ಬೇಕು. ಡಿಸ್ಟೆಂಪರ್ ಗೋಡೆ ಬಣ್ಣ ಹೀರಿದರೆ ಮತ್ತೆ ಬಿಡುವುದಿಲ್ಲ, ಅದೇ ಬಣ್ಣ ಹೊಡೆದ ಪ್ಲೈವುಡ್ ಹಲಗೆ ಒರಗಿಸಿ ಅದಕ್ಕೆ ಎರಚಿ. ಪ್ಯಾಕಪ್ ಆದ ಕೂಡಲೇ ನೆಲವನ್ನು ಬಿಸಿನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆಗಳು ಸಾಲು ಹಚ್ಚಿರುತ್ತವೆ.

ಬಿಳಿ ಕಣ್ಣಿನ ಲೆನ್ಸ್, ಗಾಯದ ಮೇಕಪ್ ಆನ್‌ಲೈನಲ್ಲಿ ತರಿಸಿದ್ರೆ ಸಾಕಾ?

ಲೆನ್ಸನ್ನು ಕಣ್ಣಿನವರಿಂದ ಅಳತೆ ಮಾಡಿಸಿಯೇ ಹಾಕಿಸಬೇಕು. ಒಬ್ಬರದು ಇನ್ನೊಬ್ಬರಿಗೆ ಹಾಕಿದರೆ, ನಲ್ಲಿ ನೀರಿನಲ್ಲಿ ತೊಳೆದರೆ ಕಾರ್ನಿಯಾಕ್ಕೆ ಸೋಂಕು ತಗಲಬಹುದು. ಪೂರ್ತಿ ಬಿಳಿ ಲೆನ್ಸಿನಲ್ಲಿ ನಟರಿಗೆ ಸರಿಯಾಗಿ ಕಾಣುವುದಿಲ್ಲ. ನಡೆಯುವ ಶಾಟಿನಲ್ಲಿ ಕೈ ಹಿಡಿಯಲು ಒಬ್ಬರಿರಲಿ.

ಜೆಲಾಟಿನ್ ಗಾಯ ಮುಂಬೈಯ ಮೇ ತಿಂಗಳಿನಲ್ಲಿ ಮುಖದ ಮೇಲೆಯೇ ಕರಗುತ್ತದೆ. ಸಿಲಿಕಾನ್ ಬಳಸಿ. ಅಂಟನ್ನು ಒಂದು ದಿನ ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ನೋಡಿ. ನೇಣಿನ ಶಾಟು, ಬೆಂಕಿಯ ಶಾಟು ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ. ಸ್ಟಂಟ್ ಮಾಸ್ಟರ್ ಇಲ್ಲದಿದ್ದರೆ ದೃಶ್ಯ ಬದಲಿಸಿ.

## ಸದ್ದು

ಮುಂಬೈಯಲ್ಲಿ ಸೈಲೆನ್ಸ್ ಎಲ್ಲಿ ಸಿಗತ್ತೆ ಸರ್?

ಲೋಕಲ್ ಟ್ರೇನುಗಳು ಮಲಗುವ ರಾತ್ರಿ ಒಂದೂವರೆಯಿಂದ ನಾಲ್ಕರ ನಡುವೆ ಸ್ವಲ್ಪ. ಮನೆ ಗೊತ್ತುಮಾಡುವ ಮೊದಲು ಆ ಹೊತ್ತಿನಲ್ಲೂ, ಸಂಜೆ ಏಳಕ್ಕೂ ಹತ್ತತ್ತು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಘಾಟ್ಕೋಪರ್, ಕುರ್ಲಾದ ಮೇಲೆ ವಿಮಾನ ಇಳಿಯುವ ದಾರಿಯಿದೆ. ತಗಡಿನ ಛಾವಣಿ ಎದುರಿಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತು ಮರೆತುಬಿಡಿ. ಗಣಪತಿ ಹಬ್ಬದ ಹತ್ತು ದಿನ ಶೆಡ್ಯೂಲೇ ಬೇಡ.

ಟೇಕಿಗೆ ಮೊದಲು ಫ್ಯಾನ್ ಬಂದ್, ಫ್ರಿಜ್ ಬಂದ್. ಫ್ರಿಜ್ ಮತ್ತೆ ಹಾಕಲು ಮರೆಯದಿರಲು ಸೌಂಡಿನವರು ತಮ್ಮ ಮನೆಯ ಕೀಲಿಕೈಯನ್ನು ಅದರೊಳಗಿಡುವುದು ಹಳೆಯ ಉಪಾಯ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್; ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬಲ್ ಸುತ್ತ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದು, ಒಂದು ನಿಮಿಷ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ. ಈ ಚಿತ್ರಕ್ಕೆ ಅದೇ ಬಂಗಾರ.

ಪಕ್ಕದ ಮನೆ ಸದ್ದು ಗೋಡೆಯಾಚೆಯಿಂದ ಬಂದಹಾಗೆ ಕೇಳಿಸ್ಬೇಕು, ಫಿಲ್ಟರ್ ಹಾಕಿದ್ರೆ ನಕಲಿ ಅನ್ಸತ್ತೆ.

ಬರೀ ಹೈ ಫ್ರೀಕ್ವೆನ್ಸಿ ಕತ್ತರಿಸಿದರೆ ಕಂಬಳಿ ಹೊದಿಸಿದಂತೆ ಕೇಳುತ್ತದೆ, ಗೋಡೆ ಬರುವುದಿಲ್ಲ. ಧಾರಾವಾಹಿ ಮಾತು, ಕುಕ್ಕರ್, ಜಗಳ ಎಲ್ಲವನ್ನೂ ಮೊದಲು ಹತ್ತಿರದಿಂದ ಶುದ್ಧವಾಗಿ ರೆಕಾರ್ಡ್ ಮಾಡಿ. ಆಮೇಲೆ ಪಕ್ಕದ ಕೋಣೆಯಲ್ಲಿ ಸ್ಪೀಕರನ್ನು ಗೋಡೆಗೆ ಮುಖ ಮಾಡಿ ಇಟ್ಟು ಓಡಿಸಿ, ಈಚೆ ಕೋಣೆಯ ನಡುವೆ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡಿ. ಬಾಗಿಲು ಮುಚ್ಚಿ ಒಂದು ಸಲ, ಅರ್ಧ ತೆರೆದು ಒಂದು ಸಲ. ಮಿಕ್ಸಿನಲ್ಲಿ ಶುದ್ಧ ಟ್ರ್ಯಾಕನ್ನು ಒಂಚೂರು ಬೆರೆಸಿಕೊಳ್ಳಬಹುದು.

ಈ ಸದ್ದುಗಳಿಗೆ ಕಥೆ ಕೊಡಿ. ನೋಡುವವರ ಸಂಖ್ಯೆ ಏರಿದಂತೆ ಒಂದೊಂದೇ ಮನೆ ಸುಮ್ಮನಾಗಲಿ: ಮೊದಲು ಮಗುವಿನ ಅಳು, ಆಮೇಲೆ ಟಿವಿ, ಕೊನೆಗೆ ಕುಕ್ಕರ್. ಯಾವುದು ಹೋಯಿತು ಎಂದು ಪ್ರೇಕ್ಷಕರಿಗೆ ಹೇಳಲು ಬಾರದು, ಆದರೆ ಕುರ್ಚಿಯಲ್ಲಿ ಮೈ ಬಿಗಿಯುತ್ತದೆ. ದೊಡ್ಡ ಸದ್ದಿನಿಂದ ಬೆಚ್ಚಿಬೀಳಿಸುವುದನ್ನು ಇಡೀ ಚಿತ್ರಕ್ಕೆ ಎರಡಕ್ಕೆ ನಿಲ್ಲಿಸಿ.

ರೇಡಿಯೋದಲ್ಲಿ ಹಳೆ ಕನ್ನಡ ಸಿನಿಮಾ ಹಾಡು ಬಂದ್ರೆ ಭಯ ಆಗತ್ತೆ. ಬಳಸ್ಬಹುದಾ?

ಎರಡು ಹಕ್ಕು ಬೇಕು: ಧ್ವನಿಮುದ್ರಣದ್ದು ಮತ್ತು ಸಾಹಿತ್ಯ, ರಾಗ ಸಂಯೋಜನೆಯದ್ದು. ಮುದ್ರಣದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಸಾಹಿತ್ಯ, ಸಂಗೀತದ್ದು ಬರೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ‘ಹತ್ತು ಸೆಕೆಂಡ್ ಆದರೆ ಪರವಾಗಿಲ್ಲ’ ಎಂಬುದು ಕಟ್ಟುಕಥೆ. ದಾಸರ ಪದವನ್ನೋ ಜಾನಪದ ಜೋಗುಳವನ್ನೋ ಭಜನಾ ಮಂಡಳಿಯ ಹಿರಿಯ ಅಮ್ಮನೊಬ್ಬರಿಂದ ಹಾಡಿಸಿ, ಒಪ್ಪಿಗೆ ಬರೆಸಿಕೊಂಡು, ಹಣ ಕೊಟ್ಟು, ಹಳೆಯ ರೇಡಿಯೋದ ಸ್ಪೀಕರಿನಿಂದ ಹಾಯಿಸಿ ರೆಕಾರ್ಡ್ ಮಾಡಿ. ರಾಗ ಯಾವುದೋ ಕ್ಯಾಸೆಟ್ಟಿನದಾಗದೆ ಅವರ ಮನೆಯಲ್ಲಿ ಹಾಡಿಕೊಂಡು ಬಂದದ್ದಾಗಿರಲಿ. ರೇಡಿಯೋ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಸಿಗುತ್ತದೆ. ಶುಕ್ರವಾರ ಅಲ್ಲಿನ ಅಂಗಡಿಗಳಿಗೆ ರಜೆ.

## ಸಿನಿಮಾ ಮುಗಿದ ಮೇಲೆ

ಸೆನ್ಸಾರಲ್ಲಿ ‘ಎ’ ಕೊಟ್ರೆ ಮುಳುಗಿದ ಹಾಗೇನಾ?

ಥೇಟರಿಗೆ ಅಡ್ಡಿಯಿಲ್ಲ, ಟಿವಿಗೆ ಮಾತ್ರ ಬೇರೆ ಪ್ರಮಾಣಪತ್ರ ಬೇಕಾಗುತ್ತದೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ) ವರ್ಗದೊಳಗೆ 7+, 13+, 16+ ಎಂದು ಮೂರು ಹಂತಗಳಿವೆ. ರಕ್ತ ಕಡಿಮೆಯಿದ್ದು ಭಯ ವಾತಾವರಣದಲ್ಲಿದ್ದರೆ 16+ ಕೇಳಬಹುದು. ಅರ್ಜಿ ಸೆನ್ಸಾರ್ ಮಂಡಳಿಯ ಇ-ಸಿನೆಪ್ರಮಾಣ್ ತಾಣದಲ್ಲಿ. ಬಿಡುಗಡೆ ದಿನ ನಿಗದಿ ಮಾಡಿ ಆಮೇಲೆ ಅರ್ಜಿ ಹಾಕುವ ಸಾಹಸ ಬೇಡ.

ನಾಯಕಿಯ ಕೈಗೆ ಸಿಗರೇಟು ಕೊಟ್ಟಿದ್ದೀರಾ? ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಜಾಹೀರಾತು, ಜೊತೆಗೆ 20 ಸೆಕೆಂಡಿನ ಎಚ್ಚರಿಕೆ, ಸೇದುವಾಗೆಲ್ಲ ತೆರೆಯ ಕೆಳಗೆ ಬರಹ. ಕಷ್ಟಪಟ್ಟು ಕಟ್ಟಿದ ಮೌನದ ನಡುವೆ ಇದು ಬಂದರೆ ದೆವ್ವವೂ ಎದ್ದು ಹೋಗುತ್ತದೆ. ಅವಳು ಉಗುರು ಕಚ್ಚಲಿ.

ಫೆಸ್ಟಿವಲ್ಲಿಗೆ ಕಳಿಸೋದು ಯಾವುದಕ್ಕೆ? ಮಿಫ್ ಹತ್ರಾನೇ ಇದೆಯಲ್ಲ?

ಮಿಫ್ (ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ) ಎರಡು ವರ್ಷಕ್ಕೊಮ್ಮೆ ನಡೆಯುವ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಉತ್ಸವ. ಕಥಾಚಿತ್ರಕ್ಕೆ ಇಲ್ಲಿನದೇ ಇನ್ನೊಂದು ಉತ್ಸವ, ಮಾಮಿ, ಬೇರೆ. ಪುಣೆ ಉತ್ಸವ, ಬೆಂಗಳೂರು ಉತ್ಸವ, ನವೆಂಬರಿನಲ್ಲಿ ಗೋವಾದ ಇಫಿ (ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ) ಇವೆ. ಚಿತ್ರ ಪೂರ್ತಿಯಾಗುವ ಮೊದಲೇ ಇಫಿಯ ಜೊತೆ ನಡೆಯುವ ಎನ್‌ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ) ವೇವ್ಸ್ ಫಿಲ್ಮ್ ಬಜಾರಿಗೆ (2025ಕ್ಕೆ ಮೊದಲು ಬರೀ ಫಿಲ್ಮ್ ಬಜಾರ್) ಒರಟು ಕಟ್, ಅಂದರೆ ಮೊದಲ ಎಡಿಟ್, ಕಳಿಸುವುದು ಜಾಣತನ, ಕೊಳ್ಳುವವರೂ ಉತ್ಸವದವರೂ ಅಲ್ಲಿಗೇ ಬರುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಬೇಕೇಬೇಕು: ಎರಡು ಸಾಲಿಗಿಂತ ಹೆಚ್ಚಿಲ್ಲ, ಸಾಲಿಗೆ 42 ಅಕ್ಷರದೊಳಗೆ. ಪರದೆಯ ಮೇಲಿನ ಕಾಮೆಂಟಿಗೂ ಮಾತಿಗೂ ಒಟ್ಟಿಗೆ ಸಬ್‌ಟೈಟಲ್ ಬಂದರೆ ಯಾರೂ ಓದಲಾರರು. ಎಡಿಟಿಂಗಿನಲ್ಲೇ ಎರಡನ್ನೂ ಬಿಡಿಸಿ.

ಡಿಸಿಪಿ ಅಂದ್ರೇನು, ನಾವೇ ಮಾಡ್ಕೋಬಹುದಾ?

ಡಿಜಿಟಲ್ ಸಿನಿಮಾ ಪ್ಯಾಕೇಜ್, ಥೇಟರಿನ ಸರ್ವರ್ ಓದುವ ಕಡತಗಳ ಕಟ್ಟು. ಉಚಿತ ಸಾಫ್ಟ್‌ವೇರಿನಲ್ಲಿ ಮಾಡಬಹುದು. 2ಕೆ ಫ್ಲಾಟ್ ಚೌಕಟ್ಟಾದರೆ 1998 × 1080 ಪಿಕ್ಸೆಲ್, ಇನ್ನೂ ಅಗಲದ ಸ್ಕೋಪ್ ಆದರೆ 2048 × 858, ಸೆಕೆಂಡಿಗೆ 24 ಫ್ರೇಮ್. 25ರಲ್ಲಿ ತೆಗೆದವರಿಗೆ ಹಳೆಯ ಸರ್ವರುಗಳು ಕೈಕೊಡುತ್ತವೆ. ಉತ್ಸವಕ್ಕೆ ಲಾಕ್ ಹಾಕದೆ ಕಳಿಸಿ, ಇಲ್ಲದಿದ್ದರೆ ಕೀಲಿ ಕಡತ ಹೊತ್ತಿಗೆ ಸಿಗದೆ ಪ್ರದರ್ಶನ ತಪ್ಪುತ್ತದೆ. ಮೊದಲ ಪ್ರತಿಯನ್ನು ಬೆಳಗಿನ ಹೊತ್ತು ಬಾಡಿಗೆಗೆ ಸಿಗುವ ಯಾವುದಾದರೂ ಥೇಟರಿನಲ್ಲಿ ಓಡಿಸಿ, ಕತ್ತಲೆಯ ದೃಶ್ಯಗಳನ್ನಷ್ಟೇ ನೋಡಿ.

ಓಟಿಟಿಯವರು ಬೇಡ ಅಂದ್ರು. ಯೂಟ್ಯೂಬಿಗೆ ಹಾಕಿಬಿಡ್ಲಾ?

ಉತ್ಸವಗಳ ಉತ್ತರವೆಲ್ಲ ಬಂದ ಮೇಲೆ. ಒಮ್ಮೆ ಸಾರ್ವಜನಿಕವಾಗಿ ಹಾಕಿದರೆ ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಓಟಿಟಿಗೂ ಯೂಟ್ಯೂಬಿಗೂ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಓಟಿಟಿಯವರು 2021ರ ಐಟಿ ನಿಯಮಗಳ ಪ್ರಕಾರ ವಯಸ್ಸಿನ ವರ್ಗವನ್ನು ತಾವೇ ಹಾಕುತ್ತಾರೆ. ಹಾಕುವ ಮುನ್ನ ಫೋನಿಗೆಂದೇ ಬೇರೆ ಮಿಕ್ಸ್ ಮಾಡಿಸಿ: ಥೇಟರಿನ 5.1ರಲ್ಲಿ (ಸುತ್ತಲ ಸ್ಪೀಕರುಗಳಲ್ಲಿ) ನಡುಗಿಸುವ ಪಿಸುಮಾತು ಫೋನಿನ ಸ್ಪೀಕರಿನಲ್ಲಿ ಮಾಯವಾಗುತ್ತದೆ. ಯೂಟ್ಯೂಬ್ ಗಟ್ಟಿಯಾದ ವಿಡಿಯೋಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಗಟ್ಟಿತನದ ಅಳತೆ) ಇಳಿಸುತ್ತದೆ, ಮೆಲ್ಲನೆಯದನ್ನು ಏರಿಸುವುದಿಲ್ಲ. ಥಂಬ್‌ನೇಲಿನಲ್ಲಿ ರಕ್ತ ಹಾಕಿದರೆ ವಯೋಮಿತಿ ಬಿದ್ದು ಹುಡುಕಾಟದಲ್ಲಿ ಹಿಂದೆ ಸರಿಯಬಹುದು. ಆ ಹಾಲಿನ ಚೀಲದ ಶಾಟ್ ಹಾಕಿ. ಮತ್ತೆ, ಮೊದಲ ವಾರ ಕಾಮೆಂಟ್ ನೋಡಿಕೊಳ್ಳುವ ಕೆಲಸ ನಟಿಗೆ ಕೊಡಬೇಡಿ; ತಂಡದಲ್ಲಿ ದಪ್ಪ ಚರ್ಮದವರು ಒಬ್ಬರಿದ್ದೇ ಇರುತ್ತಾರೆ, ಪಾಸ್‌ವರ್ಡ್ ಅವರ ಹತ್ತಿರ ಇರಲಿ.